ಲೋಡ್ ಹಾಕಿ ಅಳೆಯಿರಿ

ಮೀಟರಿನಲ್ಲಿ ಸರಿಯಾಗಿ 5.02 ವೋಲ್ಟ್ ತೋರಿಸುವ ಪವರ್ ಸಪ್ಲೈ ಕೆಟ್ಟಿರಬಹುದೇ? ಖಂಡಿತ ಇರಬಹುದು. ಹೊಸದಾಗಿ ಎಲೆಕ್ಟ್ರಾನಿಕ್ಸ್ ಹುಚ್ಚು ಹತ್ತಿಸಿಕೊಂಡವರು ಮನೆಯಲ್ಲಿ ಕಟ್ಟಿ ತರುವ ಸಪ್ಲೈಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ಇದೇ ತೊಂದರೆ. ಬರೀ ಮೀಟರ್ ಇಟ್ಟರೆ ಎಲ್ಲವೂ ಸರಿ, ಕೆಲಸಕ್ಕೆ ಹಚ್ಚಿದ ಕೂಡಲೇ ಕೈಕೊಡುತ್ತದೆ. ಆಗ ಅವರು ಮಾಡುವುದೂ ಒಂದೇ. ಐಸಿ ಬದಲಾಯಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಮತ್ತೊಂದು ಐಸಿ. ಅಳೆಯಬೇಕಾದ ಜಾಗದಲ್ಲಿ, ಅಳೆಯಬೇಕಾದ ಹೊತ್ತಿನಲ್ಲಿ ಮಾತ್ರ ಅಳೆಯುವುದಿಲ್ಲ.

ಸರ್ಕ್ಯೂಟೇನೋ ಹಳೆಯದೇ. ರೇಡಿಯೊ, ಟೇಪ್‌ರೆಕಾರ್ಡರುಗಳ ಕಾಲದಲ್ಲಿ ಸೆಲ್ಲಿನ ಖರ್ಚು ಉಳಿಸಲು ಮನೆಮನೆಗೆ ಬಂದಿದ್ದ ‘ಎಲಿಮಿನೇಟರ್’ ಡಬ್ಬಿಯ ಒಳಗೂ ಹೆಚ್ಚುಕಡಿಮೆ ಇದೇ ಇತ್ತು. ಗೋಡೆಯ 230 ವೋಲ್ಟ್ ಎಸಿಯನ್ನು ಟ್ರಾನ್ಸ್‌ಫಾರ್ಮರ್ 9ಕ್ಕೋ 12ಕ್ಕೋ ಇಳಿಸುತ್ತದೆ. 1ಎನ್4007 ಎಂಬ ನಾಲ್ಕು ಡಯೋಡುಗಳ ಬ್ರಿಡ್ಜ್ ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ದೊಡ್ಡ ಕೆಪಾಸಿಟರ್ ಏರಿಳಿತವನ್ನು ತುಂಬುತ್ತದೆ. ಕೊನೆಗೆ 7805 ಎಂಬ ಮೂರು ಕಾಲಿನ ಐಸಿ 5 ವೋಲ್ಟಿಗೆ ಕಟ್ಟಿ ನಿಲ್ಲಿಸುತ್ತದೆ. ಇಷ್ಟೂ ಸಾಮಾನು ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲಾದರೂ ಒಂದೇ ಕೌಂಟರಿನಲ್ಲಿ ಸಿಗುತ್ತದೆ.

ಐದು ವೋಲ್ಟಿಗೆ ಮೊಬೈಲ್ ಚಾರ್ಜರ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. 100ರಿಂದ 240 ವೋಲ್ಟ್ ಎಂದು ಬರೆದಿರುವ ಒಳ್ಳೆಯ ಚಾರ್ಜರ್ ಕರೆಂಟ್ 100ರವರೆಗೆ ಇಳಿದರೂ ಸಂಭಾಳಿಸುತ್ತದೆ. ಆದರೂ ಕಲಿಯುವವರು ಮೊದಲು ಟ್ರಾನ್ಸ್‌ಫಾರ್ಮರ್ ಸಪ್ಲೈಯನ್ನೇ ಕಟ್ಟಬೇಕೆಂದು ನಾನು ಹಟ ಹಿಡಿಯುತ್ತೇನೆ. ಅದರ ಪ್ರತಿ ಹಂತಕ್ಕೂ ಮೀಟರ್ ಇಟ್ಟು ನೋಡಬಹುದು, ಟ್ರಾನ್ಸ್‌ಫಾರ್ಮರ್ ದಾಟಿದ ಮೇಲೆ ಗೋಡೆಯ ಕರೆಂಟಿಗೂ ನಮ್ಮ ಬೆರಳಿಗೂ ಸಂಬಂಧ ಇರುವುದಿಲ್ಲ. ಟ್ರಾನ್ಸ್‌ಫಾರ್ಮರೇ ಇಲ್ಲದೆ ಒಂದು ಕೆಪಾಸಿಟರ್ ಮೂಲಕ 230 ವೋಲ್ಟನ್ನು ‘ಇಳಿಸುವ’ ಅಗ್ಗದ ಸರ್ಕ್ಯೂಟುಗಳೂ ಓಡಾಡುತ್ತವೆ. ಹೊಸಬರು ಅವುಗಳ ತಂಟೆಗೆ ಹೋಗಲೇಬಾರದು. ಅಲ್ಲಿ 5 ವೋಲ್ಟಿನ ವೈರೂ ಜೀವ ತೆಗೆಯಬಲ್ಲದು.

ತಿಪಟೂರು ಕಡೆಯ ತೆಂಗಿನ ತೋಟದ ಮನೆಯ ಹುಡುಗಿಯೊಬ್ಬಳು ನನಗೆ ಪರಿಚಯ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಾಳೆ. ಅಪ್ಪನ ಪಂಪ್‌ಸೆಟ್ಟಿಗೆ ಒಂದು ಕಂಟ್ರೋಲರ್ ಮಾಡಿದ್ದಳು. ಸ್ಟಾರ್ಟರಿನ ಹಸಿರು ಬಟನ್ ಒತ್ತಲು ಒಂದು ರಿಲೇ, ಕೆಂಪಿಗೆ ಒಂದು, ಹನಿ ನೀರಾವರಿಯ ಎರಡು ವಾಲ್ವುಗಳಿಗೆ ಎರಡು. ಜೊತೆಗೆ ಒಂದು ಆರ್ಡುಯಿನೊ ನ್ಯಾನೊ, ಎರಡು ಸಾಲಿನ ಡಿಸ್‌ಪ್ಲೇ. ಕಾಲೇಜಿನ ಲ್ಯಾಬಿನಲ್ಲಿ ಚೆನ್ನಾಗಿಯೇ ನಡೆಯಿತು. ಮನೆಯಲ್ಲಿ ಬೆಳಗಿನ ಜಾವ ನಡೆದರೂ ಸಂಜೆ ಮಾತ್ರ ಹಟ ಹಿಡಿಯುತ್ತಿತ್ತು. ಎರಡೂ ವಾಲ್ವ್ ತೆರೆದು ಮೋಟಾರ್ ಹಚ್ಚುವ ರಿಲೇ ‘ಟಕ್’ ಎಂದ ಕೂಡಲೇ ಡಿಸ್‌ಪ್ಲೇ ಮಂಕಾಗುತ್ತಿತ್ತು, ನ್ಯಾನೊ ಮೊದಲಿನಿಂದ ಶುರುವಾಗುತ್ತಿತ್ತು, ರಿಲೇಗಳೆಲ್ಲ ಬಿದ್ದುಹೋಗುತ್ತಿದ್ದವು. ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದರು ಸ್ನೇಹಿತರು. ನಕಲಿ ಐಸಿ ಬಂದಿರಬೇಕು ಎಂದರು ಅಂಗಡಿಯವರು. ಅವಳು 7805 ಬದಲಾಯಿಸಿದಳು, ನ್ಯಾನೊ ಬದಲಾಯಿಸಿದಳು. ಸಂಜೆಯ ಹಟ ಹಾಗೇ ಉಳಿಯಿತು.

ಇಂಥ ಬೋರ್ಡ್ ಎದುರಿಗೆ ಬಂದರೆ ಮೊದಲು ಕರೆಂಟ್ ಕೊಡಬಾರದು, ನೋಡಬೇಕು. ಕೆಪಾಸಿಟರಿನ ಮೈಮೇಲಿನ ಮೈನಸ್ ಪಟ್ಟಿ ನಿಜವಾಗಿಯೂ ಮೈನಸ್ ಕಡೆಗಿದೆಯೇ? ಉಲ್ಟಾ ಹಾಕಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಬಿಸಿಯಾಗಿ ನೆತ್ತಿ ಒಡೆದುಕೊಳ್ಳುತ್ತದೆ. ಆದ್ದರಿಂದ ಮೊದಲ ಸಲ ಹಚ್ಚುವಾಗ ಮುಖವನ್ನು ಬೋರ್ಡಿನ ಮೇಲೆ ಬಗ್ಗಿಸಿಕೊಂಡಿರಬಾರದು. ಡಯೋಡುಗಳ ಬಿಳಿ ಉಂಗುರಗಳು ಎತ್ತ ಮುಖ ಮಾಡಿವೆ? ಬ್ರಿಡ್ಜಿನಲ್ಲಿ ಒಂದೇ ಒಂದು ಡಯೋಡ್ ತಿರುಗಾಮುರುಗಾ ಆದರೂ ಅರ್ಧ ಸೈಕಲ್ಲಿನಲ್ಲಿ ಟ್ರಾನ್ಸ್‌ಫಾರ್ಮರ್ ಶಾರ್ಟ್ ಆದಂತೆಯೇ. ಬೆಸುಗೆಯ ಗುಂಡುಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಒಳ್ಳೆಯ ಬೆಸುಗೆ ಹೊಳೆಯುತ್ತ ಕಾಲಿನ ಸುತ್ತ ಇಳಿಜಾರಾಗಿ ಹರಡಿರುತ್ತದೆ. ತಣ್ಣನೆಯ ಬೆಸುಗೆ ಬೂದು ಬಣ್ಣದ ಉಂಡೆಯಾಗಿ ಕೂತಿರುತ್ತದೆ, ಸುತ್ತ ಕೂದಲೆಳೆಯ ಬಿರುಕು ಇರುತ್ತದೆ. ಬ್ರೆಡ್‌ಬೋರ್ಡ್ ಆದರೆ ಇನ್ನೊಂದು ಮೋಸವಿದೆ. ಉದ್ದನೆಯ ಬೋರ್ಡುಗಳಲ್ಲಿ ಅಂಚಿನ ಪವರ್ ಸಾಲು ಎಷ್ಟೋ ಸಲ ನಡುವೆ ತುಂಡಾಗಿರುತ್ತದೆ. ಕೆಂಪು ಗೆರೆಯಲ್ಲಿ ಸಣ್ಣ ಬಿಡುವು ಕಂಡರೆ ಅಲ್ಲಿ ಒಳಗಿನ ಲೋಹವೂ ಮುಗಿದಿದೆ ಎಂದು ಅರ್ಥ.

7805ರ ಕಾಲುಗಳ ವಿಷಯ ಬೇರೆಯಾಗಿಯೇ ಹೇಳಬೇಕು. ಅಕ್ಷರಗಳು ನಮ್ಮ ಕಡೆಗಿರುವಂತೆ ಹಿಡಿದರೆ ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. ನೋಡಲು ತದ್ರೂಪು ಹಾಗೇ ಇರುವ 7905 ಮೈನಸ್ 5 ವೋಲ್ಟಿನದು, ಅದರಲ್ಲಿ ಗ್ರೌಂಡ್ ಎಡಕ್ಕೆ, ಇನ್‌ಪುಟ್ ನಡುವೆ. ಎಲ್ಎಂ317ರಲ್ಲಿ ಎಡಗಾಲು ಅಡ್ಜಸ್ಟ್, ನಡುವಿನದು ಔಟ್‌ಪುಟ್, ಬಲದ್ದು ಇನ್‌ಪುಟ್. ಬೆನ್ನಿನ ಲೋಹದ ತಗಡು ನಡುಗಾಲಿಗೆ ಸೇರಿರುವುದರಿಂದ ಒಂದೇ ಹೀಟ್‌ಸಿಂಕಿಗೆ ಬೇರೆ ಬೇರೆ ಐಸಿಗಳನ್ನು ನೇರವಾಗಿ ಸ್ಕ್ರೂ ಹಾಕಿ ಬಿಗಿದರೆ ಕಣ್ಣಿಗೆ ಕಾಣದ ಶಾರ್ಟ್ ಆಗುತ್ತದೆ. ಮೈಕಾ ತುಣುಕು, ಪ್ಲಾಸ್ಟಿಕ್ ಬುಷ್ ಇರುವುದು ಅದಕ್ಕೇ. ಎಲ್ಎಂ317 ಕಟ್ಟಿದವರು ಇನ್ನೊಂದು ಕಾರಣಕ್ಕೂ ಗಾಬರಿಯಾಗುತ್ತಾರೆ. ಅದಕ್ಕೆ ಕನಿಷ್ಠ ಕೆಲವು ಮಿಲಿಆಂಪಿಯರ್ ಲೋಡ್ ಇಲ್ಲದಿದ್ದರೆ ಔಟ್‌ಪುಟ್ ತನ್ನಷ್ಟಕ್ಕೆ ಮೇಲೇರುತ್ತದೆ. ಐಸಿ ಕೆಟ್ಟಿರುವುದಿಲ್ಲ, 240 ಓಮ್ ಇರಬೇಕಾದಲ್ಲಿ ಯಾರೋ 2.4 ಕಿಲೋಓಮ್ ಹಾಕಿರುತ್ತಾರೆ.

ನೋಡಿ ಆದ ಮೇಲೂ ನೇರವಾಗಿ ಗೋಡೆಗೆ ಚುಚ್ಚುವುದು ಬೇಡ. ರಿಪೇರಿ ಅಂಗಡಿಗಳಲ್ಲಿ ಒಂದು ಮರದ ಹಲಗೆ ನೇತುಹಾಕಿರುತ್ತಾರೆ. ಅದರ ಮೇಲೊಂದು ಬಲ್ಬ್ ಹೋಲ್ಡರ್, ಒಂದು ಸಾಕೆಟ್. ಗೋಡೆಯ ಫೇಸ್ ವೈರು ಬಲ್ಬನ್ನು ಹಾದೇ ಸಾಕೆಟ್ಟಿಗೆ ಬರುತ್ತದೆ. ಇದೇ ಸೀರೀಸ್ ಬೋರ್ಡ್. ಹೊಸ ಸರ್ಕ್ಯೂಟನ್ನು ಅದಕ್ಕೆ ಚುಚ್ಚಿದಾಗ ಬಲ್ಬು ಒಮ್ಮೆ ಮಿನುಗಿ ಆರಿದರೆ, ಇಲ್ಲವೇ ತಂತಿ ಮಾತ್ರ ಕೆಂಪಗೆ ಕಂಡರೆ ಭಯವಿಲ್ಲ. ಬೆಳಗಿ ಹಾಗೇ ನಿಂತರೆ ಒಳಗೆಲ್ಲೋ ಶಾರ್ಟ್ ಇದೆ. ಆಗಬೇಕಿದ್ದ ಸ್ಫೋಟದ ಜಾಗದಲ್ಲಿ ಬೆಳಕು ಸಿಗುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಸಣ್ಣ ಟ್ರಾನ್ಸ್‌ಫಾರ್ಮರಿಗೆ 25 ಅಥವಾ 40 ವಾಟಿನ ಬಲ್ಬ್ ಸಾಕು. ಅದು ತಂತಿಯ ಹಳೇ ಬಲ್ಬೇ ಆಗಿರಬೇಕು, ಎಲ್ಇಡಿ ಬಲ್ಬಿಗೆ ಈ ಕೆಲಸ ಬರುವುದಿಲ್ಲ. ತಂತಿಯ ಬಲ್ಬುಗಳು ಅಂಗಡಿಗಳಿಂದ ಮಾಯವಾಗುತ್ತಿರುವ ಈ ದಿನಗಳಲ್ಲಿ ಸಿಕ್ಕಾಗ ಒಂದೆರಡು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಒಂದು ಮಾತು ಮಾತ್ರ ಮರೆಯಬಾರದು. ಸೀರೀಸ್ ಬೋರ್ಡ್ ಉಳಿಸುವುದು ಸರ್ಕ್ಯೂಟನ್ನು, ಮನುಷ್ಯರನ್ನಲ್ಲ. ಟ್ರಾನ್ಸ್‌ಫಾರ್ಮರಿನ 230 ವೋಲ್ಟಿನ ಕಡೆಯ ಪ್ರತಿ ಜೋಡಣೆಗೂ ಸ್ಲೀವ್ ಹಾಕಿರಬೇಕು, ಕಾಲು ಆಂಪಿಯರಿನ ಫ್ಯೂಸ್ ಇರಬೇಕು, ಕೈ ಹಾಕುವ ಮೊದಲು ಪ್ಲಗ್ಗನ್ನೇ ಕಿತ್ತಿರಬೇಕು. ಸ್ವಿಚ್ ಆರಿಸಿದ್ದೇನೆ ಎಂಬುದು ಸಾಲದು.

ಮೀಟರಿನದೂ ಒಂದು ಎಚ್ಚರಿಕೆ. ಹೊಸಬರ ಕೈಯಲ್ಲಿರುವುದು ಹೆಚ್ಚಾಗಿ ಹಳದಿ ಬಣ್ಣದ ಅಗ್ಗದ ಡಿಟಿ-830. ಕೆಂಪು ಪ್ರೋಬನ್ನು 10 ಆಂಪಿಯರ್ ತೂತಿನಲ್ಲಿಟ್ಟೇ ವೋಲ್ಟೇಜ್ ಅಳೆಯಲು ಹೋದರೆ ಮೀಟರ್ ಒಂದು ದಪ್ಪ ತಂತಿಯಾಗುತ್ತದೆ, ಅಳೆಯುವುದನ್ನೇ ಶಾರ್ಟ್ ಮಾಡುತ್ತದೆ. ಆ ತೂತಿಗೆ ಫ್ಯೂಸ್ ಇಲ್ಲವೆಂದು ಮೀಟರಿನ ಮೇಲೆಯೇ ಬರೆದಿರುತ್ತದೆ.

ಇನ್ನು ಅಳೆಯುವ ಕೆಲಸ. ಗೋಡೆಯಿಂದ ಶುರು ಮಾಡಿ ಔಟ್‌ಪುಟ್ಟಿನ ಕಡೆಗೆ ಒಂದೊಂದೇ ಹೆಜ್ಜೆ ಹೋಗಬೇಕು, ಪ್ರತಿ ಅಂಕಿಯನ್ನೂ ಕಾಗದದ ಮೇಲೆ ಬರೆದುಕೊಳ್ಳಬೇಕು. ತಿಪಟೂರಿನ ಹುಡುಗಿಯ ಬೋರ್ಡಿನಲ್ಲಿ 9-0-9, 1 ಆಂಪಿಯರಿನ ಟ್ರಾನ್ಸ್‌ಫಾರ್ಮರ್ ಇತ್ತು. ಅದರ ಮೂರು ವೈರುಗಳಲ್ಲಿ ನಡುವಿನದನ್ನೂ ಒಂದು ಬದಿಯದನ್ನೂ ಬ್ರಿಡ್ಜಿಗೆ ಕೊಟ್ಟು, ಮೂರನೆಯದಕ್ಕೆ ಟೇಪ್ ಸುತ್ತಿ ಬಿಟ್ಟಿದ್ದಳು. ಲೆಕ್ಕ ಹೀಗೆ. 9 ವೋಲ್ಟ್ ಎಸಿಯ ಶಿಖರ 12.7. ಬ್ರಿಡ್ಜಿನಲ್ಲಿ ಕರೆಂಟ್ ಎರಡು ಡಯೋಡ್ ದಾಟುವುದರಿಂದ 1.4 ಕಳೆದು 11.3. 7805ಕ್ಕೆ ತನ್ನ 5 ವೋಲ್ಟ್ ಕೊಡಲು ಮೇಲೆ ಸುಮಾರು 2 ವೋಲ್ಟ್ ಬೇಕು, ಅಂದರೆ ಇನ್‌ಪುಟ್ ಎಂದೂ 7ರ ಕೆಳಗೆ ಹೋಗಬಾರದು. 11.3 ಇದೆ, 7 ಸಾಕು. ಯಾರಿಗಾದರೂ ಸಮಾಧಾನವಾಗುವ ಲೆಕ್ಕವೇ.

ಈ ಲೆಕ್ಕದಲ್ಲಿ ಕೆಪಾಸಿಟರ್ ಬರಲೇ ಇಲ್ಲ. ಅದನ್ನು ಮನೆಯ ಮೇಲಿನ ನೀರಿನ ಟ್ಯಾಂಕ್ ಎಂದುಕೊಳ್ಳಿ. ನಮ್ಮ ಕರೆಂಟ್ 50 ಹರ್ಟ್ಸಿನದು, ಬ್ರಿಡ್ಜ್ ಎರಡೂ ಅರ್ಧಗಳನ್ನು ಬಳಸುತ್ತದೆ, ಆದ್ದರಿಂದ ಟ್ಯಾಂಕ್ ಸೆಕೆಂಡಿಗೆ 100 ಸಲ ತುಂಬುತ್ತದೆ. ಎರಡು ತುಂಬುವಿಕೆಗಳ ನಡುವೆ ನೀರು ಬರುವುದು ಟ್ಯಾಂಕಿನಿಂದ ಮಾತ್ರ, ಮಟ್ಟ ಇಳಿಯುತ್ತಲೇ ಇರುತ್ತದೆ. ಎಷ್ಟು ಇಳಿಯುತ್ತದೆ? ಲೋಡ್ ಕರೆಂಟನ್ನು 100ರಿಂದಲೂ ಕೆಪಾಸಿಟರಿನ ಬೆಲೆಯಿಂದಲೂ ಭಾಗಿಸಿದರೆ ಗರಿಷ್ಠ ಇಳಿತ ಸಿಗುತ್ತದೆ. ಅವಳು ಹಾಕಿದ್ದ ಬಗೆಯ ನೀಲಿ ರಿಲೇಯ ಕಾಯಿಲ್ 70 ಓಮ್, 5 ವೋಲ್ಟಿಗೆ ಸುಮಾರು 71 ಮಿಲಿಆಂಪಿಯರ್ ಎಳೆಯುತ್ತದೆ. ಮೂರು ರಿಲೇ, ನ್ಯಾನೊ, ಡಿಸ್‌ಪ್ಲೇಯ ಬೆಳಕು ಎಲ್ಲ ಸೇರಿ 0.3 ಆಂಪಿಯರ್ ಹತ್ತಿರ. ಅವಳು ಹಾಕಿದ್ದು 1000 ಮೈಕ್ರೊಫ್ಯಾರಡ್. 0.3 ಭಾಗಿಸು 100, ಭಾಗಿಸು 0.001. ಉತ್ತರ 3 ವೋಲ್ಟ್. 11.3ರಲ್ಲಿ 3 ಹೋದರೆ 8.3. ಇನ್ನೂ 7ರ ಮೇಲೆಯೇ ಇದೆ. ಕಾಲೇಜಿನಲ್ಲಿ ಸರಿಯಾಗಿ ನಡೆದದ್ದು ಇದಕ್ಕೇ.

ತೋಟದ ಮನೆಯಲ್ಲಿ ಸಂಜೆ ಗೋಡೆಯಲ್ಲಿ 230 ಇರಲಿಲ್ಲ, ಅವಳೇ ಅಳೆದಂತೆ 180 ಇತ್ತು. ಲೈನಿನ ಕೊನೆಯ ಮನೆ, ಸುತ್ತಲೂ ಪಂಪ್‌ಸೆಟ್ಟುಗಳು. ಟ್ರಾನ್ಸ್‌ಫಾರ್ಮರ್ ಇಳಿಸುವುದು ಅನುಪಾತದಲ್ಲಿ. 230ಕ್ಕೆ 9 ಕೊಡುವುದು 180ಕ್ಕೆ 7 ಕೊಡುತ್ತದೆ. ಶಿಖರ 9.9, ಡಯೋಡುಗಳು ಕಳೆದು 8.5. ಮೂರು ರಿಲೇ ಕೂತರೆ ಅದರಲ್ಲಿ 3 ವೋಲ್ಟ್ ಇಳಿತ. 5.5! ಸೆಕೆಂಡಿಗೆ ನೂರು ಸಲ, ಪ್ರತಿ ಸಲವೂ ಕೆಲವು ಮಿಲಿಸೆಕೆಂಡು, 7805 ಕೈಚೆಲ್ಲುತ್ತದೆ. 5 ವೋಲ್ಟ್ ಇರಬೇಕಾದಲ್ಲಿ ಮೂರೂವರೆಯ ಗುಂಡಿ ಬೀಳುತ್ತದೆ. ನ್ಯಾನೊದ ಚಿಪ್ಪಿಗೆ 16 ಮೆಗಾಹರ್ಟ್ಸ್ ವೇಗದಲ್ಲಿ ನಂಬಿಕೆಯಿಂದ ಕೆಲಸ ಮಾಡಲು ಅದು ಸಾಲದು. ಅದರ ಮೇಲೆ ಮೋಟಾರ್ ಹಚ್ಚುವ ಕ್ಷಣ. ನಿಂತ ಮೋಟಾರ್ ತಿರುಗತೊಡಗುವಾಗ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ, ಲೈನ್ ಇನ್ನಷ್ಟು ಕುಸಿಯುತ್ತದೆ. ಕಂಟ್ರೋಲರ್ ತಾನು ಹಚ್ಚಿದ ಮೋಟಾರಿನಿಂದಲೇ ಬೀಳುತ್ತಿತ್ತು.

ಮೀಟರ್ ಇದನ್ನು ಯಾಕೆ ಹೇಳಲಿಲ್ಲ? ಎರಡು ಕಾರಣ. ಅವಳು ಅಳೆದದ್ದು ರಿಲೇಗಳ ವೈರು ಬಿಚ್ಚಿ. ಲೋಡ್ ಇಲ್ಲದಿದ್ದರೆ ಕೆಪಾಸಿಟರ್ ಶಿಖರದಲ್ಲೇ ನಿಂತಿರುತ್ತದೆ, ಇಳಿತವೇ ಇರುವುದಿಲ್ಲ. ಲೋಡ್ ಇಟ್ಟು ಅಳೆದರೂ ಡಿಸಿ ರೇಂಜ್ ತೋರಿಸುವುದು ಸರಾಸರಿಯನ್ನು. ಮೇಲಿನ 8.5, ಕೆಳಗಿನ 5.5 ಎರಡೂ ಸೇರಿ ಅದು 7 ಎನ್ನುತ್ತದೆ, ಔಟ್‌ಪುಟ್ಟಿನಲ್ಲಿ ನಾಲ್ಕೂವರೆ ಚಿಲ್ಲರೆ ಎನ್ನುತ್ತದೆ. ಗುಂಡಿಗಳನ್ನು ಅದು ಕಾಣುವುದೇ ಇಲ್ಲ. ಆಸಿಲೊಸ್ಕೋಪ್ ಇದ್ದರೆ ಕಣ್ಣಾರೆ ಗರಗಸದ ಹಲ್ಲು ಕಾಣುತ್ತದೆ. ಇಲ್ಲದವರು ಮೀಟರನ್ನು ಎಸಿ ರೇಂಜಿಗಿಟ್ಟು ಕೆಪಾಸಿಟರಿನ ಮೇಲೆ ಅಳೆಯಬಹುದು, ಆದರೆ ಅಗ್ಗದ ಮೀಟರುಗಳು ಆ ರೇಂಜಿನಲ್ಲಿ ಡಿಸಿಯನ್ನೂ ಸೇರಿಸಿ ಏನೇನೋ ಹೇಳುತ್ತವೆ. ಪ್ರೋಬ್ ತಿರುಗಿಸಿ ಹಿಡಿದಾಗ ಅಂಕಿ ಪೂರಾ ಬದಲಾದರೆ ಅದನ್ನು ನಂಬಬಾರದು. ಎಲ್ಲಕ್ಕಿಂತ ಸುಲಭದ ದಾರಿ ಹಳೇ ಟಿವಿ ಮೆಕ್ಯಾನಿಕ್‌ಗಳದು. ಪ್ಲಗ್ ಕಿತ್ತು, ಕೆಪಾಸಿಟರನ್ನು ಒಂದು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಅದರ ಪಕ್ಕಕ್ಕೆ ಇನ್ನೊಂದು ದೊಡ್ಡ ಕೆಪಾಸಿಟರನ್ನು ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಕಟ್ಟಿ ಮತ್ತೆ ಹಚ್ಚಿ. ರೋಗ ಮಾಯವಾದರೆ ಇಳಿತವೇ ರೋಗ.

ಅವಳ ಬೋರ್ಡಿನಲ್ಲಿ ಹಾಗೆಯೇ ಆಯಿತು. 1000ದ ಜಾಗಕ್ಕೆ 4700 ಮೈಕ್ರೊಫ್ಯಾರಡ್, 35 ವೋಲ್ಟಿನದು ಬಂತು. ಇಳಿತ 3ರಿಂದ 0.64 ವೋಲ್ಟಿಗೆ ಬಂದಿತು. ಟೇಪ್ ಸುತ್ತಿ ಬಿಟ್ಟಿದ್ದ ಮೂರನೆಯ ವೈರಿಗೂ ಕೆಲಸ ಸಿಕ್ಕಿತು. ನಡುವಿನ ವೈರನ್ನು ಗ್ರೌಂಡ್ ಮಾಡಿ, ಎರಡು ಬದಿಗೂ ಒಂದೊಂದು ಡಯೋಡ್ ಹಾಕಿದರೆ ಕರೆಂಟ್ ದಾಟುವುದು ಒಂದೇ ಡಯೋಡನ್ನು, 0.7 ವೋಲ್ಟ್ ಉಳಿಯುತ್ತದೆ. ಮುಕ್ಕಾಲು ವೋಲ್ಟಿಗೂ ಕಡಿಮೆಯ ಈ ಉಳಿತಾಯ ಅಲ್ಪ ಎನಿಸಬಹುದು. ಆದರೆ ಗೋಡೆಯ ಕಡೆಯಿಂದ ನೋಡಿದರೆ ಅದು ಹನ್ನೆರಡು ವೋಲ್ಟಿಗೂ ಹೆಚ್ಚಿನ ಅವಕಾಶ. ಹೊಸ ಲೆಕ್ಕದಲ್ಲಿ ಗೋಡೆಯ ಕರೆಂಟ್ 150ರ ಹತ್ತಿರಕ್ಕೆ ಇಳಿಯುವವರೆಗೂ 7805 ನಿಲ್ಲಬೇಕು.

ಹಾಗಾದರೆ ನೇರವಾಗಿ 12 ವೋಲ್ಟಿನ ಟ್ರಾನ್ಸ್‌ಫಾರ್ಮರೇ ಹಾಕಬಹುದಿತ್ತಲ್ಲ? ಹಾಕಬಹುದು, ಆದರೆ ಆಗ ಬಿಸಿಯ ಲೆಕ್ಕ ಎದುರಾಗುತ್ತದೆ. 7805 ಹೆಚ್ಚಿನ ವೋಲ್ಟೇಜನ್ನು ಸುಟ್ಟು ಬಿಸಾಡುವ ಜಾತಿ. 15.5 ಬಂದು 5 ಹೊರಗೆ ಹೋದರೆ ಉಳಿದ ಹತ್ತೂವರೆ ವೋಲ್ಟ್, 0.3 ಆಂಪಿಯರಿಗೆ 3 ವಾಟಿಗೂ ಮೇಲೆ, ಬೆರಳುಗುರಿನಷ್ಟು ಐಸಿಯ ಮೈಯಲ್ಲೇ ಕಾವಾಗಬೇಕು. ಹೀಟ್‌ಸಿಂಕ್ ಇಲ್ಲದೆ ಅದು ತಡೆಯಲಾರದು. 9-0-9ರ ಎರಡು ತುದಿಗಳನ್ನು ಬ್ರಿಡ್ಜಿಗೆ ಕೊಟ್ಟು, ತಿಳಿಯದೆ 18 ವೋಲ್ಟ್ ಹರಿಸಿದವರ ಬೋರ್ಡಿನಲ್ಲಿ ಐಸಿ ಮುಟ್ಟಲಾಗದಷ್ಟು ಸುಡುವುದು ಇದಕ್ಕೇ. ರಾಬರ್ಟ್ ವಿಡ್ಲರ್ ಅಮೆರಿಕದ ನ್ಯಾಷನಲ್ ಸೆಮಿಕಂಡಕ್ಟರಿನಲ್ಲಿ ರೂಪಿಸಿದ ಎಲ್ಎಂ309 ಈ ಮೂರು ಕಾಲಿನ 5 ವೋಲ್ಟ್ ರೆಗ್ಯುಲೇಟರುಗಳ ಮೊದಲ ತಲೆಮಾರಿನದು. ಅತಿಯಾಗಿ ಬಿಸಿಯಾದರೆ ತನ್ನನ್ನು ತಾನೇ ಆರಿಸಿಕೊಳ್ಳುವ ಗುಣವನ್ನು ಅದರೊಳಗೇ ಇಟ್ಟಿದ್ದರು. 7805ಕ್ಕೂ ಅದೇ ಗುಣವಿದೆ. ದೊಡ್ಡ ಉಪಕಾರ ಅದು, ಆದರೆ ರೋಗ ಹುಡುಕುವವರ ದಾರಿ ತಪ್ಪಿಸುತ್ತದೆ. ಸರ್ಕ್ಯೂಟ್ ಕೆಲವು ನಿಮಿಷ ನಡೆದು ನಿಲ್ಲುತ್ತದೆ, ತಣಿದ ಮೇಲೆ ತಾನೇ ಎದ್ದು ಕೂರುತ್ತದೆ. ‘ಲೂಸ್ ಕನೆಕ್ಷನ್’ ಎಂದು ಹೆಸರಿಟ್ಟು ವೈರುಗಳನ್ನೆಲ್ಲ ಅಲ್ಲಾಡಿಸುವ ಮೊದಲು, ಪ್ಲಗ್ ಕಿತ್ತು ಐಸಿಯ ಬೆನ್ನಿಗೆ ಬೆರಳು ತಾಗಿಸಿ ನೋಡಬೇಕು.

ಹೊಸಬರು ಸಪ್ಲೈ ಕಟ್ಟಿದ ಮೇಲೆ ಅದಕ್ಕೆ ಮೊದಲು ಜೋಡಿಸಬೇಕಾದದ್ದು ನ್ಯಾನೊ ಅಲ್ಲ, 10 ಓಮ್, 5 ವಾಟಿನ ಒಂದು ಬಿಳೀ ಸಿಮೆಂಟ್ ರೆಸಿಸ್ಟರ್. 5 ವೋಲ್ಟಿಗೆ ಅದು ಅರ್ಧ ಆಂಪಿಯರ್ ಎಳೆಯುತ್ತದೆ. ಕಾಲು ಗಂಟೆ ಹಾಗೆ ಬಿಟ್ಟು, ರೆಸಿಸ್ಟರನ್ನು ಮುಟ್ಟದೆ, ಔಟ್‌ಪುಟ್ ಎಷ್ಟಿದೆ, ಕೆಪಾಸಿಟರಿನ ಮೇಲೆ ಎಷ್ಟಿದೆ ಎಂದು ಬರೆದುಕೊಳ್ಳಬೇಕು. ಸುಟ್ಟರೆ ಸುಡಲಿ, ರೆಸಿಸ್ಟರ್ ಕೆಲವೇ ರೂಪಾಯಿಯದು.

ನನ್ನ ನಿಜವಾದ ಸಂಕಟ ಬೇರೆ ಇದೆ. ಅದೇ ಹುಡುಗಿಯ ಲ್ಯಾಬ್ ರೆಕಾರ್ಡಿನಲ್ಲಿ ರೆಕ್ಟಿಫೈಯರ್ ಪ್ರಯೋಗ ಚೆಂದವಾಗಿ ಬರೆದಿತ್ತು. ಹಾಫ್ ವೇವ್‌ಗೆ ರಿಪ್ಪಲ್ ಫ್ಯಾಕ್ಟರ್ 1.21, ಫುಲ್ ವೇವ್‌ಗೆ 0.48, ಪೆನ್ಸಿಲಿನಲ್ಲಿ ಎಳೆದ ಅಲೆಗಳು, ಕೆಂಪು ಶಾಯಿಯ ಸಹಿ. ರಿಪ್ಪಲ್ ಎಂದರೇನೆಂದು ವೈವಾದಲ್ಲಿ ತಡವರಿಸದೆ ಹೇಳಿದವಳಿಗೆ, ತನ್ನ ಬೋರ್ಡನ್ನು ಸಂಜೆಯ ಹೊತ್ತು ಬೀಳಿಸುತ್ತಿದ್ದದ್ದು ಅದೇ ರಿಪ್ಪಲ್ ಎಂದು ಹೊಳೆಯಲಿಲ್ಲ. ಹೊಳೆಯುವಂತೆ ಯಾರೂ ಕಲಿಸಲಿಲ್ಲ. ಲ್ಯಾಬಿನಲ್ಲಿ ಕರೆಂಟ್ ಸದಾ 230, ಲೋಡ್ ಸದಾ 1 ಕಿಲೋಓಮ್. ಊರಿನ 180 ವೋಲ್ಟ್ ಆ ಟೇಬಲ್ಲಿಗೆ ಬರುವುದೇ ಇಲ್ಲ. ಹಳ್ಳಿಗಳಿಂದ ಬರುವ ಮಕ್ಕಳೇ ಹೆಚ್ಚಿರುವ ನಮ್ಮ ಪಾಲಿಟೆಕ್ನಿಕ್‌ಗಳಲ್ಲಿ ಇದು ಸರಿಯಲ್ಲ.

ತರಿಸಲು ಹೊಸ ಯಂತ್ರವೇನೂ ಬೇಕಿಲ್ಲ. ಎಲೆಕ್ಟ್ರಿಕಲ್ ವಿಭಾಗದ ಲ್ಯಾಬಿನಲ್ಲಿ ಡಿಮ್ಮರ್‌ಸ್ಟ್ಯಾಟ್ ಇದ್ದೇ ಇರುತ್ತದೆ. ದುಂಡನೆಯ ಹಿಡಿ ತಿರುಗಿಸಿದರೆ ಗೋಡೆಯ ವೋಲ್ಟೇಜನ್ನು ಬೇಕಾದಷ್ಟಕ್ಕೆ ಇಳಿಸಬಹುದು. ಅದು ಇಳಿಸುತ್ತದೆಯೇ ಹೊರತು ಗೋಡೆಯಿಂದ ಬೇರ್ಪಡಿಸುವುದಿಲ್ಲವಾದ್ದರಿಂದ ಮೇಷ್ಟ್ರು ಪಕ್ಕದಲ್ಲಿ ನಿಂತಿರಬೇಕು, ಅಷ್ಟೇ. ರೆಕ್ಟಿಫೈಯರ್ ಪ್ರಯೋಗದ ಕೊನೆಗೆ ಅರ್ಧ ಗಂಟೆ ಸೇರಿಸಿ, ಕೆಪಾಸಿಟರ್, 7805, ಸಿಮೆಂಟ್ ರೆಸಿಸ್ಟರ್ ಜೋಡಿಸಿ, ಹಿಡಿಯನ್ನು 230ರಿಂದ ಮೆಲ್ಲಗೆ ಇಳಿಸುತ್ತ ಔಟ್‌ಪುಟ್ ಯಾವ ಅಂಕಿಗೆ ಕುಸಿಯಲು ಶುರುವಾಗುತ್ತದೆಂದು ಪ್ರತಿ ವಿದ್ಯಾರ್ಥಿಯೂ ಬರೆದುಕೊಳ್ಳಲಿ. ಆಮೇಲೆ ಕೆಪಾಸಿಟರ್ ಬದಲಾಯಿಸಿ ಮತ್ತೆ ಬರೆಯಲಿ. ತಿಪಟೂರಿನ ಹುಡುಗಿ ತನ್ನ ಹೊಸ ಸಪ್ಲೈಯನ್ನು ಹಾಗೆಯೇ ಪರೀಕ್ಷಿಸಿದಳು. ಮೂರೂ ರಿಲೇ ಕೂತಿರುವಾಗ 180ಕ್ಕೆ ಇಳಿಸಿದರೂ, 165ಕ್ಕೆ ಇಳಿಸಿದರೂ ಡಿಸ್‌ಪ್ಲೇ ಮಂಕಾಗಲಿಲ್ಲ. ಈಗ ಅವಳ ತಲೆಯಲ್ಲಿರುವುದು ಗುಡುಗು-ಮಿಂಚಿನ ದಿನ ಲೈನಿನಲ್ಲಿ ಬರುವ ಏಟು. ಫ್ಯೂಸಿನ ಹಿಂದೆ ಆ ಏಟನ್ನು ಹೀರಿಕೊಳ್ಳುವ ಒಂದು ಎಂಒವಿ ಹಾಕಬೇಕು, ಅದಕ್ಕೆ ಎಷ್ಟು ವೋಲ್ಟಿನದು ಸರಿ ಎಂದು ಡೇಟಾಶೀಟ್ ಹಿಡಿದು ಕೂತಿದ್ದಾಳೆ.